ಮರಳು ಹಾಸಿದ ಅಕ್ವೇರಿಯಂ: ಟ್ಯಾಂಕ್ ಖಾಲಿ ಮಾಡದೆ ತಳ ಶುಚಿ ಮಾಡುವುದು, ನೀರು ಕೆಡದಂತೆ ನೋಡಿಕೊಳ್ಳುವುದು

ತಿಂಗಳಿಗೊಂದು ಸಲ ಮೀನನ್ನೆಲ್ಲಾ ಬಕೆಟ್‌ಗೆ ಹಾಕಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಮರಳನ್ನು ನಲ್ಲಿ ಕೆಳಗೆ ತಿಕ್ಕಿ ತೊಳೆದು, ಮತ್ತೆ ಹೊಸ ನೀರು ತುಂಬುವ ಪದ್ಧತಿ ನಮ್ಮಲ್ಲಿ ತುಂಬಾ ಮನೆಗಳಲ್ಲಿದೆ. ನೀವೂ ಹಾಗೇ ಮಾಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಈ ಬರಹದಲ್ಲಿ ಹೇಳುವುದೆಲ್ಲಾ ಅದನ್ನು ಬಿಟ್ಟು ವಾರಕ್ಕೆ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಸುವುದು ಹೇಗೆ ಅಂತ.

ನಾನೂ ಮೊದಲು ಹಾಗೇ ತೊಳೆಯುತ್ತಿದ್ದೆ. ಟ್ಯಾಂಕ್ ಕೊಂಡ ಅಂಗಡಿಯವರು ಹೇಳಿಕೊಟ್ಟಿದ್ದೇ ಅದು. ಒಂದು ದೀಪಾವಳಿಗೆ ನೆಂಟರು ಬರುತ್ತಾರೆ ಅಂತ ಹಿಂದಿನ ಭಾನುವಾರ ಇಡೀ ದಿನ ಕೂತು ಮರಳು, ಕಲ್ಲು, ಫಿಲ್ಟರ್ ಸ್ಪಂಜು ಒಂದೂ ಬಿಡದೆ ತೊಳೆದೆ. ಸಂಜೆ ಟ್ಯಾಂಕ್ ಫಳಫಳ ಹೊಳೆಯುತ್ತಿತ್ತು. ಮಂಗಳವಾರ ಬೆಳಿಗ್ಗೆ ಅಮ್ಮ ಕರೆದು, "ಬಾರೋ ಇಲ್ಲಿ, ಮೀನೆಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇದಾವೆ" ಅಂದರು. ನೀರು ಆಗಲೂ ತಿಳಿಯಾಗಿಯೇ ಇತ್ತು. ಗುರುವಾರದ ಹೊತ್ತಿಗೆ 14 ಮೀನಿನಲ್ಲಿ 5 ಉಳಿದಿದ್ದವು. ಇವತ್ತಿಗೂ ನೆನೆಸಿಕೊಂಡರೆ ಸಂಕಟವಾಗುತ್ತದೆ, ಯಾಕೆಂದರೆ ಅವನ್ನು ಕೊಂದಿದ್ದು ರೋಗ ಅಲ್ಲ, ನನ್ನ ತೊಳೆಯುವಿಕೆ.

ಆಗಿದ್ದು ಇಷ್ಟು. ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ, ಮೀನಿನ ಕಿವಿರು, ಇವೆಲ್ಲದರಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಅದು ಮೀನಿಗೆ ವಿಷ. ಫಿಲ್ಟರ್ ಸ್ಪಂಜಿನಲ್ಲಿ, ಕಲ್ಲಿನ ಮೇಲೆ, ಮರಳಿನ ಮೇಲ್ಪದರದಲ್ಲಿ ಅಂಟಿಕೊಂಡು ಬದುಕುವ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ಮೊದಲು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯ ಅಲ್ಲ, ಅದನ್ನು ನಾವು ನೀರು ಬದಲಿಸಿ ತೆಗೆಯಬಹುದು. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಬೇಕು. ನಾನು ಅಷ್ಟು ದಿನದ ಬೆಳೆಯನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಒಂದೇ ಮಧ್ಯಾಹ್ನ ತೊಳೆದು ಹಾಕಿದ್ದೆ. ನೀರು ತಿಳಿಯಾಗಿರುವುದೇ ಬೇರೆ, ಒಳ್ಳೆಯದಾಗಿರುವುದೇ ಬೇರೆ. ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ.

ಯಾವ ಮರಳು, ಎಷ್ಟು

ಮನೆ ಕಟ್ಟುವಾಗ ಉಳಿದ ಎಂ-ಸ್ಯಾಂಡ್ ಬೇಡ. ಅದು ಕಲ್ಲು ಪುಡಿ ಮಾಡಿ ತಯಾರಿಸಿದ್ದು, ಕಾಳುಗಳಿಗೆ ಚೂಪು ಅಂಚು ಇರುತ್ತದೆ, ದೂಳೂ ಜಾಸ್ತಿ. ಕೋರಿಡೋರಸ್ ಥರದ ಮೀನುಗಳು ಇಡೀ ದಿನ ಮೀಸೆಯನ್ನು ಮರಳಿಗೆ ಒತ್ತಿ ಆಹಾರ ಹುಡುಕುತ್ತವೆ. ಚೂಪು ಮರಳಲ್ಲಿ ಆ ಮೀಸೆಗೆ ಗಾಯವಾಗಬಹುದು. ಸಮುದ್ರದ ದಡದಿಂದ ತಂದ ಮರಳೂ ಬೇಡ, ಅದರಲ್ಲಿ ಚಿಪ್ಪಿನ ಚೂರು ಇದ್ದರೆ ನೀರು ಗಡುಸಾಗುತ್ತಾ ಹೋಗುತ್ತದೆ. ಸ್ವಿಮ್ಮಿಂಗ್ ಪೂಲ್ ಫಿಲ್ಟರ್‌ಗೆ ಹಾಕುವ ಸಿಲಿಕಾ ಮರಳು, ಅರ್ಧದಿಂದ ಒಂದು ಮಿಲಿಮೀಟರ್ ಕಾಳಿನದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ ಮೀನು ತರಲು ಹೋದಾಗ ಅಲ್ಲಿನ ಅಂಗಡಿಗಳಲ್ಲೂ ವಿಚಾರಿಸಿ. ಕೈಗೆ ತೆಗೆದುಕೊಂಡು ಉಜ್ಜಿ ನೋಡಿ, ಚುಚ್ಚಬಾರದು. ಒಂದು ಚಿಟಿಕೆ ಒಣ ಮರಳಿನ ಮೇಲೆ ನಿಂಬೆಹಣ್ಣಿನ ರಸ ಅಥವಾ ವಿನೆಗರ್ ಹಿಂಡಿ. ಬುರಬುರ ಗುಳ್ಳೆ ಬಂದರೆ ಸುಣ್ಣದ ಅಂಶ ಇದೆ ಅಂತ, ಅದನ್ನು ಬಿಡಿ.

3ರಿಂದ 4 ಸೆಂಟಿಮೀಟರ್ ದಪ್ಪ ಸಾಕು. 2 ಅಡಿ ಉದ್ದ, 1 ಅಡಿ ಅಗಲದ ಟ್ಯಾಂಕಿಗೆ ಸುಮಾರು 9-12 ಕೆಜಿ ಬೇಕಾಗುತ್ತದೆ. ಜಾಸ್ತಿ ದಪ್ಪ ಹಾಸಿದರೆ ಕೆಳಗಿನ ಪದರಕ್ಕೆ ಆಮ್ಲಜನಕ ಇಳಿಯುವುದಿಲ್ಲ, ಆ ಕಷ್ಟ ಮುಂದೆ ಹೇಳುತ್ತೇನೆ.

ಹೊಸ ಮರಳನ್ನು ಟ್ಯಾಂಕಿಗೆ ಹಾಕುವ ಮೊದಲು ಮಾತ್ರ ಚೆನ್ನಾಗಿ ತೊಳೆಯಬೇಕು. ಒಂದು ಸಲಕ್ಕೆ 2-3 ಕೆಜಿ ಬಕೆಟ್‌ಗೆ ಹಾಕಿ, ನೀರು ಬಿಟ್ಟು, ಅಜ್ಜಿ ರಾಗಿ ಜಾಲಿಸುತ್ತಿದ್ದ ಹಾಗೆ ಸುತ್ತ ತಿರುಗಿಸಿ ಬಗ್ಗಡವನ್ನು ಬಗ್ಗಿಸಿ ಚೆಲ್ಲಿ. ಒಂದೇ ವ್ಯತ್ಯಾಸ, ಅಲ್ಲಿ ಮೇಲೆ ಬಂದ ರಾಗಿ ಬೇಕು, ತಳದ ಕಲ್ಲುಮಣ್ಣು ಬೇಡ. ಇಲ್ಲಿ ತಳದ್ದೇ ಬೇಕು. 10-12 ಸಲ ಆದ ಮೇಲೆ ನೀರು ತಿಳಿಯಾಗುತ್ತದೆ. ಸೋಪು, ಡಿಟರ್ಜೆಂಟ್ ಮುಟ್ಟಿಸಲೇಬೇಡಿ. ಆಮೇಲೆ ಟ್ಯಾಂಕಿನಲ್ಲಿ ಮರಳು ಹಾಸಿ, ಮೇಲೆ ಒಂದು ತಟ್ಟೆ ಇಟ್ಟು ಆ ತಟ್ಟೆಯ ಮೇಲೆ ನೀರು ಸುರಿಯಿರಿ. ಮರಳು ಕದಡುವುದಿಲ್ಲ.

ವಾರದ ಕೆಲಸ

ಜಲ್ಲಿ ಹಾಸಿದ ಟ್ಯಾಂಕಿಗೂ ಮರಳು ಹಾಸಿದ ಟ್ಯಾಂಕಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಜಲ್ಲಿಯಲ್ಲಿ ಕಸ ಸಂದಿಗಳಿಗೆ ಇಳಿದು ಅಡಿಗೆ ಹೋಗಿ ಕೂರುತ್ತದೆ, ಅದಕ್ಕೇ ಪೈಪನ್ನು ಒಳಗೆ ಚುಚ್ಚಿ ಎಳೆಯಬೇಕಾಗುತ್ತದೆ. ಮರಳಿನಲ್ಲಿ ಕಾಳುಗಳು ಒತ್ತಾಗಿ ಕೂತಿರುವುದರಿಂದ ಕಸ ಬಹುಪಾಲು ಮೇಲೇ ಉಳಿಯುತ್ತದೆ. "ಮರಳು ಬೇಗ ಗಲೀಜಾಗುತ್ತೆ" ಅಂತ ಜನ ಹೇಳುವುದು ಇದಕ್ಕೇ. ನಿಜ ಅಂದರೆ ಗಲೀಜು ಕಣ್ಣಿಗೆ ಕಾಣುತ್ತದೆ ಅಷ್ಟೇ, ಮತ್ತು ಕಾಣುವುದರಿಂದಲೇ ತೆಗೆಯುವುದು ಸುಲಭ. ಹಾಗಾಗಿ ಮರಳನ್ನು ಅಗೆಯಬೇಡಿ. ಮೇಲಿಂದ ಗುಡಿಸಿ.

ಬೇಕಾದ ಸಾಮಾನು: ಅರ್ಧ ಇಂಚಿನ, ಒಂದೂವರೆ ಮೀಟರ್ ಉದ್ದದ ಪಾರದರ್ಶಕ ಪೈಪು, ಏರ್ ಪಂಪಿನ ಸಣ್ಣ ಟ್ಯೂಬಿನ ಒಂದು ತುಂಡು, ಮೀನಿಗೇ ಅಂತ ಮೀಸಲಿಟ್ಟ 2 ಬಕೆಟ್, ಒಂದು ಮಗ್ಗು, ಒಂದು ಬಿದಿರು ಕಡ್ಡಿ. ಬಟ್ಟೆ ನೆನೆಸುವ ಬಕೆಟನ್ನೇ ಇದಕ್ಕೆ ಬಳಸಬೇಡಿ, ಸೋಪಿನ ಅಂಶ ಉಳಿದಿರುತ್ತದೆ.

ಮೊದಲು ಹೀಟರ್ ಆಫ್ ಮಾಡಿ 20 ನಿಮಿಷ ಬಿಡಿ. ಬಿಸಿ ಇರುವಾಗಲೇ ನೀರು ಇಳಿದು ಹೀಟರ್ ಹೊರಗೆ ಬಂದರೆ ಅದರ ಗಾಜು ಒಡೆಯಬಹುದು. ಫಿಲ್ಟರ್ ಪ್ಲಗ್ಗೂ ತೆಗೆಯಿರಿ. ಗಾಜಿನ ಪಾಚಿಯನ್ನು ಮೊದಲೇ ಒರೆಸಿಬಿಡಿ, ಉದುರಿದ್ದು ಮರಳಿನ ಮೇಲೆ ಕೂರಲಿ, ಹೇಗೂ ಅದನ್ನು ತೆಗೆಯುತ್ತೀರಿ ಅಲ್ವಾ.

ಪೈಪಿಗೆ ಬಾಯಿ ಹಾಕಿ ಎಳೆಯುವುದು ಬೇಡ. ಇಡೀ ಪೈಪನ್ನು ಟ್ಯಾಂಕಿನಲ್ಲಿ ಮುಳುಗಿಸಿ, ಗಾಳಿ ಗುಳ್ಳೆ ಎಲ್ಲಾ ಹೋದ ಮೇಲೆ ಒಂದು ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಹೊರಗೆ ತಂದು, ಕೆಳಗಿನ ಬಕೆಟ್‌ಗೆ ಇಳಿಸಿ ಬೆರಳು ತೆಗೆಯಿರಿ. ನೀರು ತಾನೇ ಹರಿಯುತ್ತದೆ.

ಇನ್ನು ಮುಖ್ಯವಾದ ಭಾಗ. ಪೈಪಿನ ಒಳ ತುದಿಯನ್ನು ಮರಳಿನಿಂದ ಒಂದು ಬೆರಳಗಲ ಮೇಲೆ ಹಿಡಿಯಿರಿ. ಮುಟ್ಟಿಸಬೇಡಿ. ಅಲ್ಲೇ ಚಿಕ್ಕದಾಗಿ ಸುತ್ತು ತಿರುಗಿಸಿ. ಕಂದು ಬಣ್ಣದ ಹಗುರ ಕಸ ಹೊಗೆಯ ಹಾಗೆ ಮೇಲೆದ್ದು ಪೈಪಿನೊಳಗೆ ಹೋಗುತ್ತದೆ, ಮರಳು ಭಾರ ಇರುವುದರಿಂದ ಕೆಳಗೇ ಕೂರುತ್ತದೆ. ಇನ್ನೊಂದು ಕೈಯಲ್ಲಿ ಪೈಪಿನ ಹೊರಭಾಗವನ್ನು ಹೆಬ್ಬೆರಳು ಮತ್ತು ತೋರುಬೆರಳ ಮಧ್ಯೆ ಹಿಡಿದುಕೊಂಡೇ ಇರಿ. ಮರಳಿನ ಕಾಳು ಪೈಪಿನೊಳಗೆ ಏರುವುದು ಕಂಡ ತಕ್ಷಣ ಒಂದು ಕ್ಷಣ ಹಿಸುಕಿ. ಹರಿವು ನಿಲ್ಲುತ್ತದೆ, ಮರಳು ಜಾರಿ ಕೆಳಗೆ ಬೀಳುತ್ತದೆ, ಕಸ ಮಾತ್ರ ಅಲ್ಲೇ ತೇಲುತ್ತಾ ನಿಲ್ಲುತ್ತದೆ. ಬೆರಳು ಸಡಿಲಿಸಿ. ಎರಡು ವಾರ ಮಾಡಿದರೆ ಈ ಲಯ ಕೈಗೆ ತಾನಾಗೇ ಹತ್ತುತ್ತದೆ. ಪಾರದರ್ಶಕ ಪೈಪೇ ಬೇಕು ಅಂದಿದ್ದು ಇದಕ್ಕೇ. ಗಿಡದ ಬುಡ, ಕಲ್ಲಿನ ಸಂದಿಗೆ ಸಣ್ಣ ಏರ್ ಟ್ಯೂಬ್ ಬಳಸಿ. ನಿಧಾನ, ಆದರೆ ಬೇರು ಕೀಳುವುದಿಲ್ಲ.

ಸ್ವಲ್ಪ ಮರಳು ಬಕೆಟ್‌ಗೆ ಬಂದೇ ಬರುತ್ತದೆ, ತಲೆಕೆಡಿಸಿಕೊಳ್ಳಬೇಡಿ. ಕೊನೆಯಲ್ಲಿ ಅದನ್ನೇ ಜಾಲಿಸಿ ವಾಪಸ್ ಹಾಕಿ.

ಕಡ್ಡಿ ಯಾಕೆ ಅಂದರೆ, ಮರಳಿನ ಒಳಗೆ ನೀರು ಓಡಾಡದ ಜಾಗಗಳಲ್ಲಿ ಆಮ್ಲಜನಕ ಮುಗಿದು ಬೇರೆ ಥರದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಗಾಜಿನ ಪಕ್ಕದಿಂದ ನೋಡಿದರೆ ಕಪ್ಪು ಮಚ್ಚೆಯ ಹಾಗೆ ಕಾಣುತ್ತದೆ. ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ, ಅದು ಹೈಡ್ರೋಜನ್ ಸಲ್ಫೈಡ್, ಮೀನಿಗೆ ಕೆಟ್ಟದ್ದು. ಹಾಗಾಗದಂತೆ ಪ್ರತಿ ವಾರ ತಳದ ಮೂರನೇ ಒಂದು ಭಾಗವನ್ನು ಮಾತ್ರ ಕಡ್ಡಿಯಿಂದ ಮೆಲ್ಲಗೆ ಗೀರಿ. ಈ ವಾರ ಎಡಗಡೆ, ಮುಂದಿನ ವಾರ ಮಧ್ಯ, ಆಮೇಲೆ ಬಲಗಡೆ. ಈಗಾಗಲೇ ದೊಡ್ಡ ಕಪ್ಪು ಮಚ್ಚೆ ಇದ್ದರೆ ಒಂದೇ ದಿನ ಕೆದಕಬೇಡಿ. ಪೈಪನ್ನು ಆ ಜಾಗದ ಮೇಲೇ ಹಿಡಿದು, ಒಂದೊಂದು ಹಿಡಿಯಷ್ಟು ಜಾಗ ಬಿಡಿಸುತ್ತಾ, ಎದ್ದ ನೀರನ್ನು ಅಲ್ಲೇ ಎಳೆದುಬಿಡಿ. ಏರ್ ಪಂಪ್ ಓಡುತ್ತಿರಲಿ. ಟ್ರಂಪೆಟ್ ಬಸವನಹುಳು ಸಾಕಿದರೆ ಅವು ಮರಳಿನೊಳಗೆ ತಿರುಗಾಡುತ್ತಾ ಈ ಕೆಲಸದಲ್ಲಿ ಅರ್ಧ ಮಾಡಿಬಿಡುತ್ತವೆ. ಆಹಾರ ಜಾಸ್ತಿ ಹಾಕಿದರೆ ಅವುಗಳ ಸಂಖ್ಯೆ ಮಿತಿಮೀರುತ್ತದೆ ಅನ್ನುವುದು ನೆನಪಿರಲಿ.

ಎಷ್ಟು ನೀರು ತೆಗೆಯಬೇಕು? ಟ್ಯಾಂಕಿನ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿ, ಅಷ್ಟು ಲೀಟರ್. 2 ಅಡಿ, 1 ಅಡಿ, ಒಂದೂಕಾಲು ಅಡಿ ಟ್ಯಾಂಕ್ ಅಂದರೆ 70 ಲೀಟರ್, ಮರಳು ಮತ್ತು ಮೇಲಿನ ಖಾಲಿ ಜಾಗ ಕಳೆದರೆ 60. ಅದರಲ್ಲಿ ಕಾಲು ಭಾಗ 15 ಲೀಟರ್, ವಾರಕ್ಕೆ ಅಷ್ಟು ಬದಲಿಸಿದರೆ ಸಾಕು. ಗೋಲ್ಡ್‌ಫಿಶ್ ಇದ್ದರೆ ಇನ್ನೂ ಜಾಸ್ತಿ ಬೇಕು, ಅವು ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ತೆಗೆದ ನೀರನ್ನು ಚರಂಡಿಗೆ ಚೆಲ್ಲಬೇಡಿ, ಅದರಲ್ಲಿ ನೈಟ್ರೇಟ್ ಇದೆ. ನಮ್ಮ ಟೆರೇಸಿನ ಕರಿಬೇವಿಗೂ ದಾಸವಾಳಕ್ಕೂ ವಾರದ ಗೊಬ್ಬರ ಇದೇ. ಔಷಧಿ ಅಥವಾ ಉಪ್ಪು ಹಾಕಿದ ವಾರ ಮಾತ್ರ ಗಿಡಕ್ಕೆ ಹಾಕಬೇಡಿ.

ಫಿಲ್ಟರನ್ನು ಅದೇ ದಿನ ತೊಳೆಯಬೇಡಿ. ಮರಳು ಒಂದು ದಿನ, ಫಿಲ್ಟರ್ ಇನ್ನೊಂದು ದಿನ. ಸ್ಪಂಜನ್ನು ಟ್ಯಾಂಕಿನಿಂದಲೇ ತೆಗೆದ ನೀರಲ್ಲಿ ಎರಡು ಮೂರು ಸಲ ಹಿಂಡಿದರೆ ಆಯಿತು, ಕಂದು ಬಣ್ಣ ಉಳಿದಿದ್ದರೆ ಉಳಿಯಲಿ. ಸ್ಪಂಜು ಹರಿದು ಹೋಗುವವರೆಗೂ ಹೊಸದು ಹಾಕುವ ಅಗತ್ಯ ಇಲ್ಲ.

ಬೆಂಗಳೂರಿನ ನೀರು

ಇಲ್ಲಿ ಒಂದೊಂದು ಮನೆಗೆ ಒಂದೊಂದು ನೀರು, ಕೆಲವು ಮನೆಗಳಿಗೆ ವಾರದಲ್ಲೇ ಎರಡು ಮೂರು ಥರದ ನೀರು. ಹಾಗಾಗಿ ನಿಮ್ಮ ಸಂಪಿನಲ್ಲಿ ಏನಿದೆ ಅಂತ ಮೊದಲು ತಿಳಿದುಕೊಳ್ಳಿ.

ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಬರುತ್ತದೆ. ಮೆದು ನೀರು, ಬಹುತೇಕ ಎಲ್ಲಾ ಮೀನಿಗೂ ಒಗ್ಗುತ್ತದೆ. ತೊಂದರೆ ಕ್ಲೋರಿನ್‌ದು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ಅದು ರಕ್ಷಣೆ, ಮೀನಿನ ಕಿವಿರಿಗೆ ಅದು ಸುಡುವ ನೀರು. ಬಕೆಟ್‌ನಲ್ಲಿ ಹಿಡಿದು ಬಾಯಿ ತೆರೆದು 24 ಗಂಟೆ ಇಡಿ, ಏರ್ ಪಂಪಿಗೆ ಸಿಕ್ಕಿಸಿ ಗುಳ್ಳೆ ಬಿಡುವ ಕಲ್ಲು, ಅಂದರೆ ಏರ್ ಸ್ಟೋನ್, ಒಂದು ಬಿಟ್ಟರೆ ಇನ್ನೂ ಬೇಗ ಹೋಗುತ್ತದೆ. ಅರ್ಜೆಂಟಿದ್ದರೆ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಸಿಗುವ ದ್ರಾವಣ ಹಾಕಿ, ಸಾಮಾನ್ಯವಾಗಿ ಅದು ಸೋಡಿಯಂ ಥಯೋಸಲ್ಫೇಟ್. ಬಾಟಲಿ ಮೇಲೆ ಬರೆದಷ್ಟೇ ಹಾಕಿ. ನೀರು ಟ್ಯಾಂಕಿಗೆ ಹೋಗುವ ಮೊದಲು, ಬಕೆಟ್‌ನಲ್ಲೇ ಹಾಕಿ.

ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಆದರೆ ಗಡಸುತನ ಜಾಸ್ತಿ. ಗಪ್ಪಿ, ಮೋಲಿ, ಪ್ಲಾಟಿಗಳಿಗೆ ಅದು ಚೆನ್ನಾಗೇ ಹಿಡಿಸುತ್ತದೆ. ಸುಮ್ನೆ ಅದನ್ನು ಮೆದು ಮಾಡಲು ಒದ್ದಾಡುವ ಬದಲು ಆ ನೀರಿಗೆ ಒಗ್ಗುವ ಮೀನು ಸಾಕಿ ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ವಿಷಯ, ನಗರದೊಳಗಿನ ಅನೇಕ ಬೋರ್‌ವೆಲ್‌ಗಳಲ್ಲಿ ನೈಟ್ರೇಟ್ ಮೊದಲೇ ಜಾಸ್ತಿ ಇರುತ್ತದೆ, ಒಳಚರಂಡಿ ನೀರು ನೆಲಕ್ಕೆ ಇಂಗುವುದು ಅದಕ್ಕೊಂದು ಕಾರಣ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಎಷ್ಟು ನೀರು ಬದಲಿಸಿದರೂ ನೈಟ್ರೇಟ್ ಇಳಿಯುತ್ತಿಲ್ಲ ಅಂದರೆ ಟ್ಯಾಂಕಲ್ಲ, ನಲ್ಲಿ ನೀರನ್ನು ಪರೀಕ್ಷೆ ಮಾಡಿ ನೋಡಿ.

ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರು ಮೆದುವಾದರೂ ಕಾವೇರಿ ನೀರಿನ ಹಾಗೇ ಅಂತ ನಂಬಬೇಡಿ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ, ಟಿಡಿಎಸ್ (ನೀರಲ್ಲಿ ಕರಗಿರುವ ಒಟ್ಟು ಲವಣದ ಅಳತೆ) ಇಳಿಯುವುದೇ ಇಲ್ಲ. ಅಡುಗೆಮನೆಯ ಆರ್‌ಓ ನೀರಲ್ಲಿ ಉಲ್ಟಾ, ಖನಿಜವೇ ಹೆಚ್ಚುಕಡಿಮೆ ಇರುವುದಿಲ್ಲ. ಅದನ್ನೊಂದನ್ನೇ ತುಂಬಿದರೆ ಪಿಹೆಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಒಂದೇ ಕಡೆ ನಿಲ್ಲುವುದಿಲ್ಲ, ಬೋರ್‌ವೆಲ್ ನೀರಿಗೆ ಬೆರೆಸಿ ಬಳಸಿ. ಟ್ಯಾಂಕರ್ ನೀರಾದರೆ ಪ್ರತಿ ಲೋಡೂ ಬೇರೆ ಅಂತಲೇ ಲೆಕ್ಕ. ಹೊಸ ಲೋಡ್ ಬಂದ ದಿನ ನಾನು ಟಿಡಿಎಸ್ ಮೀಟರ್ ಅದ್ದಿ ನೋಡುತ್ತೇನೆ. ಹಿಂದಿನದಕ್ಕಿಂತ ತುಂಬಾ ವ್ಯತ್ಯಾಸ ಇದ್ದರೆ 15 ಲೀಟರ್ ಬದಲು 5 ಲೀಟರಿನಂತೆ ಮೂರು ದಿನ ಬದಲಿಸುತ್ತೇನೆ.

ಬಿಸಿಯನ್ನೂ ನೋಡಿ. ಏಪ್ರಿಲ್ ಮಧ್ಯಾಹ್ನ ಸಿಂಟೆಕ್ಸ್ ನೀರು ಸ್ನಾನಕ್ಕಾಗುವಷ್ಟು ಕಾದಿರುತ್ತದೆ, ಡಿಸೆಂಬರ್ ಬೆಳಿಗ್ಗೆ ಅದೇ ನೀರು ಕೈ ಕೊರೆಯುತ್ತದೆ. ಹಿಂದಿನ ದಿನ ಹಿಡಿದು ಟ್ಯಾಂಕಿನ ಪಕ್ಕದಲ್ಲೇ ಇಟ್ಟ ಬಕೆಟ್ ಆದರೆ ಕ್ಲೋರಿನ್, ಬಿಸಿ ಎರಡೂ ಚಿಂತೆ ಒಟ್ಟಿಗೆ ಕಳೆಯುತ್ತದೆ. ಒಂದು ಕೈ ಟ್ಯಾಂಕಿನಲ್ಲಿ, ಒಂದು ಕೈ ಬಕೆಟ್‌ನಲ್ಲಿ ಅದ್ದಿ ನೋಡಿ ಮಗ್ಗಿನಲ್ಲಿ ನಿಧಾನಕ್ಕೆ ಹಾಕಿ.

ಪರೀಕ್ಷೆ

ಟಿಡಿಎಸ್ ಮೀಟರ್ ಅಮೋನಿಯಾ ತೋರಿಸುವುದಿಲ್ಲ. ಇದನ್ನು ನಂಬಿ ಕೂತವರು ತುಂಬಾ ಜನ. ಹನಿ ಹಾಕಿ ಬಣ್ಣ ನೋಡುವ ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಕಿಟ್ ತೆಗೆದುಕೊಳ್ಳಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ಒಳಗಿರಬೇಕು, 20ರ ಒಳಗಿದ್ದರೆ ಇನ್ನೂ ಒಳ್ಳೆಯದು. ಮೊದಲ ಎರಡರಲ್ಲಿ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ಆಹಾರ ನಿಲ್ಲಿಸಿ, ಅದೇ ದಿನ ಕಾಲು ಭಾಗ ನೀರು ಬದಲಿಸಿ, ಮರುದಿನ ಮತ್ತೆ ನೋಡಿ.

ಪಿಹೆಚ್ ಕೂಡ ಲೆಕ್ಕಕ್ಕೆ ಬರುತ್ತದೆ. ಒಟ್ಟು ಅಮೋನಿಯಾ ಅಷ್ಟೇ ಇದ್ದರೂ ಪಿಹೆಚ್ 7ರಿಂದ 8ಕ್ಕೆ ಏರಿದರೆ ಅದರಲ್ಲಿ ವಿಷವಾಗುವ ಭಾಗ ಹತ್ತಿರ ಹತ್ತಿರ 10 ಪಟ್ಟಾಗುತ್ತದೆ. ತಿಂಗಳುಗಟ್ಟಲೆ ನೀರು ಬದಲಿಸದ ಟ್ಯಾಂಕಿನಲ್ಲಿ ಪಿಹೆಚ್ ಇಳಿದು, ಅಮೋನಿಯಾ ಅಷ್ಟು ಕಾಟ ಕೊಡದ ರೂಪದಲ್ಲಿ ಸೇರಿಕೊಂಡಿರುತ್ತದೆ. ಒಂದೇ ಸಲ ಮುಕ್ಕಾಲು ಭಾಗ ಹೊಸ ನೀರು ಹಾಕಿದರೆ ಪಿಹೆಚ್ ಜಿಗಿದು ಉಳಿದ ಅಮೋನಿಯಾ ವಿಷವಾಗುತ್ತದೆ. "ಕೊಳಕು ನೀರಲ್ಲಿ ಚೆನ್ನಾಗಿದ್ದವು, ಕ್ಲೀನ್ ಮಾಡಿದ ಮೇಲೆ ಸತ್ತವು" ಅಂತ ಕೇಳಿರುತ್ತೀರಿ. ಎಷ್ಟೋ ಸಲ ಕಾರಣ ಇದೇ. ಅಂಥ ಟ್ಯಾಂಕ್ ನಿಮ್ಮ ಕೈಗೆ ಬಂದರೆ ದಿನ ಬಿಟ್ಟು ದಿನ ಹತ್ತನೇ ಒಂದು ಭಾಗ ನೀರು ಬದಲಿಸಿ, ಎರಡು ವಾರ. ಮರಳನ್ನು ಆಮೇಲೆ ಮುಟ್ಟಿ.

ಮರಳಿನ ಮೇಲೆ ಬಣ್ಣ ಕಂಡರೆ

ಹೊಸ ಟ್ಯಾಂಕಿನಲ್ಲಿ ಮರಳಿನ ಮೇಲೆ ಕಂದು ಪುಡಿಯ ಪದರ ಬಂದರೆ ಅದು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ. ಪೈಪಿನಲ್ಲಿ ಎಳೆಯಿರಿ, ಕೆಲವು ವಾರದಲ್ಲಿ ತಾನೇ ಹೋಗುತ್ತದೆ. ನೀಲಿ ಹಸಿರು ಬಣ್ಣದ ಲೋಳೆ ಹಾಳೆಯ ಹಾಗೆ ಎದ್ದು ಬಂದು ಕೆಟ್ಟ ವಾಸನೆ ಹೊಡೆದರೆ ಅದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ, ಅಂದರೆ ಪಾಚಿಯ ಹಾಗೆ ಬೆಳಕಿನಿಂದ ಬದುಕುವ ಬ್ಯಾಕ್ಟೀರಿಯಾ. ಹಾಳೆಯನ್ನು ಸುತ್ತಿ ತೆಗೆಯಿರಿ, ಆ ಮೂಲೆಗೆ ನೀರಿನ ಹರಿವು ಬರುವ ಹಾಗೆ ಫಿಲ್ಟರ್ ಬಾಯಿ ತಿರುಗಿಸಿ, ಬಾಲ್ಕನಿ ಬಿಸಿಲು ಬೀಳುತ್ತಿದ್ದರೆ ಪರದೆ ಹಾಕಿ. ಲೈಟು ದಿನಕ್ಕೆ 6ರಿಂದ 8 ಗಂಟೆ ಸಾಕು.

ಕರೆಂಟ್ ಹೋದಾಗ ಮತ್ತು ಊರಿಗೆ ಹೋಗುವಾಗ

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೋ ಹೇಳಲಾಗದು. ಬ್ಯಾಟರಿಯಲ್ಲಿ ಓಡುವ ಒಂದು ಏರ್ ಪಂಪ್ ಮನೆಯಲ್ಲಿರಲಿ, ಇಲ್ಲವೇ ಏರ್ ಪಂಪನ್ನು ಯುಪಿಎಸ್ ಪಾಯಿಂಟಿಗೆ ಹಾಕಿ. ಆಹಾರ ಹಾಕಬೇಡಿ. ಟ್ಯಾಂಕಿನ ಹೊರಗಿಡುವ, ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಅದರೊಳಗಿನ ನೀರು ಕೆಟ್ಟಿರುತ್ತದೆ, ಆ ನೀರನ್ನು ಬಕೆಟ್‌ಗೆ ಚೆಲ್ಲಿ ಆಮೇಲೆ ಶುರು ಮಾಡಿ.

ಆಹಾರದ ವಿಷಯ ಕೊನೆಗೆ ಇಟ್ಟುಕೊಂಡಿದ್ದೇನೆ, ಮರಳಿನ ಮೇಲಿನ ಕಸದಲ್ಲಿ ದೊಡ್ಡ ಪಾಲು ಅದರದ್ದೇ. ದಿನಕ್ಕೊಂದು ಸಲ, 2 ನಿಮಿಷದಲ್ಲಿ ತಿಂದು ಮುಗಿಸುವಷ್ಟು. ವಾರಕ್ಕೊಂದು ದಿನ ಉಪವಾಸ. ಊರಿಗೆ ಹೋಗುವಾಗ ಚೆನ್ನಾಗಿರುವ ದೊಡ್ಡ ಮೀನುಗಳು 4-5 ದಿನ ಏನೂ ತಿನ್ನದೆ ಇರಬಲ್ಲವು. ಹೋಗುವ ಎರಡು ದಿನ ಮೊದಲು ನೀರು ಬದಲಿಸಿ, ಹೊರಡುವ ದಿನವೇ ಬೇಡ, ಏನಾದರೂ ಎಡವಟ್ಟಾದರೆ ನೋಡಲು ನೀವಿರುವುದಿಲ್ಲ. ಅದಕ್ಕಿಂತ ಜಾಸ್ತಿ ದಿನ ಆದರೆ ಪಕ್ಕದ ಮನೆಯವರಿಗೆ ಹೇಳಿ ಹೋಗಿ, ಆದರೆ ಆಹಾರದ ಡಬ್ಬಿ ಕೊಡಬೇಡಿ. ಪಾಪ, ಮೀನು ಹಸಿದಿದೆ ಅಂತ ಪ್ರೀತಿಯಿಂದಲೇ ಚಮಚಗಟ್ಟಲೆ ಹಾಕಿಬಿಡುತ್ತಾರೆ. ಒಂದೊಂದು ದಿನದ್ದು ಒಂದೊಂದು ಪೊಟ್ಟಣ ಕಟ್ಟಿ, ಮೇಲೆ ವಾರ ಬರೆದು, ದಿನ ಬಿಟ್ಟು ದಿನಕ್ಕೆ ಲೆಕ್ಕ ಹಾಕಿ ಕೊಡಿ. ಡಬ್ಬಿಯನ್ನು ಬೀರುವಿನಲ್ಲಿಡಿ.